ಉತಾರಕ್ಕೆ ನನ್ನ ಹೆಸರು ಹಚ್ಚಿದ ಭಾನುವಾರ

ಸಿಂದಗಿಯಿಂದ ತವರಿಗೆ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದೆ ಸರಿಯಾದ ಹೊತ್ತಿಗೆ ಮುಟ್ಟಿಬಿಡಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಹೊಲದ ದಾಖಲೆ ಬರೆಯುವ ತಲಾಠಿಯವರ ಮೊಬೈಲಿಗೆ ನೆಟ್‌ವರ್ಕ್ ಸಿಗದೇ ಇರಬಹುದಿತ್ತು. ನನ್ನ ಆಧಾರ್ ಕಾರ್ಡಿನಲ್ಲಿರುವುದು ಗಂಡನ ಮನೆಯ ಅಡ್ಡಹೆಸರು, ಶಾಲೆಯ ದಾಖಲೆಯಲ್ಲಿರುವುದು ಅಪ್ಪನ ಮನೆಯದು. ಇವರಿಬ್ಬರೂ ಒಬ್ಬಳೇ ಎನ್ನುವುದಕ್ಕೆ ನಾನು ಸಾಕ್ಷಿ ಹುಡುಕಬೇಕಾಗಬಹುದಿತ್ತು. ಅಣ್ಣ ಎಲ್ಲರೆದುರು "ನಿನಗ ಏನ ಕಡಿಮಿ ಮಾಡೇವಿ?" ಎಂದು ಕೇಳಬಹುದಿತ್ತು. ಕೇಳದೆ ಸುಮ್ಮನಾಗಬಹುದಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬೇಕಂತಲೇ ಮರೆಯಬಹುದಿತ್ತು. ಯಾರಾದರೂ ಬಾಗೇವಾಡಿಯ ವಕೀಲರೊಬ್ಬರ ಮಾತೆತ್ತಬಹುದಿತ್ತು. ನಾಗರ ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬಾರದೆ, ನಾನು ಹಬ್ಬದ ಉಂಡಿಯನ್ನು ಅಂಗಡಿಯಲ್ಲಿ ಕೊಂಡು ತಿನ್ನಬೇಕಾಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾನೇ ಅತ್ತುಬಿಡಬಹುದಿತ್ತು.

ವಿಷಯ ಇಷ್ಟೇ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿದ್ದರೂ ತವರೂರು ಮಸೂತಿಯಲ್ಲಿರುವ ಹೊಲದ ಪಹಣಿ, ನಮ್ಮ ಕಡೆಯ ಮಾತಿನಲ್ಲಿ ಉತಾರ, ಇನ್ನೂ ಅವರ ಹೆಸರಿನಲ್ಲೇ ಇತ್ತು. ಈಗ ಸರಕಾರ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಹಚ್ಚುವ ಕೆಲಸಕ್ಕೆ ಕೈ ಹಾಕಿದೆ. ಅದಕ್ಕೆ ಊರೂರಿಗೆ ಬರುವ ಅಧಿಕಾರಿಗೆ ಕಾಗದದ ಮೇಲೆ ಉದ್ದನೆಯ ಹೊಸ ಹುದ್ದೆ ಇದೆ; ಊರಿನವರಿಗೆ ಅವರು ತಲಾಠಿಯೇ. ಅಣ್ಣ ಫೋನು ಮಾಡಿದ್ದ.

"ರವಿವಾರ ಬಂದ ಹೋಗು. ನಿನ್ನ ಫೋನಿಗೆ ಒಂದ ನಂಬರ ಬರ್ತೈತಂತ. ಅದನ್ನ ಹೇಳಿ ಒಂದ ಸಹಿ ಮಾಡಿದ್ರ ಮುಗೀತು."

ಅದು ಯಾವ ಸಹಿ ಎಂದು ನನಗೆ ಗೊತ್ತಿತ್ತು. ಹೊಲದ ಮೇಲಿನ ಹಕ್ಕು ಬಿಟ್ಟುಕೊಟ್ಟೆ ಎಂದು ಹೆಣ್ಣುಮಕ್ಕಳು ಮಾಡುವ ಸಹಿ. ಅಪ್ಪನ ಅಕ್ಕತಂಗಿಯರೆಲ್ಲ ಮಾಡಿ, ಒಂದೊಂದು ಇಳಕಲ್ ಸೀರೆ ಉಟ್ಟು, ಕೊನೆಯವರೆಗೂ ತವರಿಗೆ ಬಂದು ಹೋಗಿ ಮಾಡಿದವರು. ನಾನಾದರೋ ಪ್ರತಿ ವರ್ಷ ಎಂಟನೆಯ ತರಗತಿಯಲ್ಲಿ ಮಗಳಿಗೂ ಸಮಪಾಲು ಎಂದು ಮೇಜು ಬಡಿದು ಪಾಠ ಮಾಡುವವಳು. ಮೇಜು ಇಲ್ಲದ ಕಡೆ ನನಗೆ ಧೈರ್ಯ ಸಾಲುವುದಿಲ್ಲ. ಹೊಲವನ್ನು ಉಳುವ ಆಸೆಯಾಗಲಿ ಮಾರುವ ಆಸೆಯಾಗಲಿ ನನಗಿರಲಿಲ್ಲ. ಅಪ್ಪನ ಹೆಸರು ಅಳಿಸುವ ಜಾಗದಲ್ಲಿ ನನ್ನದೂ ಇರಲಿ ಅನ್ನಿಸಿತ್ತು, ಅಷ್ಟೇ. ಹೆಸರು ಬಂದು ಅಣ್ಣ ದೂರವಾಗಿ ಹೋದರೆ?

ವಾರವಿಡೀ ಇದನ್ನೇ ಗಂಡನ ಮುಂದೆ ಹೇಳಿದೆ. ಏಳನೆಯ ದಿನ ಅವರು ತಾಟು ಸರಿಸಿ, "ಬೇಕಂದ್ರ ಬೇಕನ್ನು, ಬ್ಯಾಡಂದ್ರ ಬ್ಯಾಡನ್ನು. ನಡುವ ನಮ್ಮ ಪಲ್ಯಾ ಯಾಕ ಹೊತ್ತಸ್ತಿ?" ಎಂದರು.

ತಲಾಠಿ ಇನ್ನೂ ಚಿಕ್ಕ ವಯಸ್ಸಿನವರು. ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮೊಬೈಲು ತೆಗೆದರು.

"ಗಂಡಮಕ್ಕಳು?"

"ನಾ ಒಬ್ಬಾಂವರಿ," ಅಣ್ಣ ಹೇಳಿದ.

"ಹೆಣ್ಣಮಕ್ಕಳು?"

"ಈಕಿ ಒಬ್ಬಾಕಿ. ಸಾಲ್ಯಾಗ ಅಕ್ಕೋರ ಅದಾಳ. ಈಕಿದ ಬರೀಬ್ಯಾಡ್ರಿ, ಬಿಟ್ಟ ಕೊಡ್ತಾಳ."

"ಹಂಗ ಬಾಯಿಲೆ ಬಿಡಾಕ ಬರೂದಿಲ್ಲರಿ. ವಾರಸದಾಗ ಎಲ್ಲಾರ ಹೆಸರೂ ಬರ್ತಾವ. ಬಿಡೂದಿದ್ರ ಅಕ್ಕೋರು ಸಬ್‌ರಜಿಸ್ಟ್ರಾರ ಕಚೇರಿಗೆ ಬಂದು ನೋಂದಣಿ ಮಾಡಸಬೇಕು. ಸುಮ್ಮನ ಇದ್ರ ಹೆಸರ ಬಂದಂಗ."

ಅಣ್ಣ ನನ್ನತ್ತ ನೋಡಿದ. ನಾನು ಹೆಲ್ಮೆಟ್ಟು ನೋಡಿದೆ. ಇಷ್ಟು ದಿನ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಸುಮ್ಮನಿದ್ದರೆ ಪಾಲು ಹೋಗುತ್ತಿತ್ತು. ಈಗ ಸುಮ್ಮನಿದ್ದರೆ ಬರುತ್ತದಂತೆ. ತವರಿನಲ್ಲಿ ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ಒಂದೇ ವಿದ್ಯೆ. ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅಣ್ಣ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ, ಹಾಗೆ ಪಡೆದರೆ ಅವನ ಕಿಸೆಯಿಂದ ಕದ್ದ ಹಾಗಾಗುತ್ತಿತ್ತು.

"ನನ್ನ ಹೆಸರೂ ಇರ್ಲಿರಿ," ಎಂದೆ.

"ಏನಂದ್ರಿ?" ತಲಾಠಿ ಕಿವಿ ಮುಂದೆ ಮಾಡಿದರು. ಜೀವಮಾನದ ಧೈರ್ಯವನ್ನೆಲ್ಲ ಖರ್ಚು ಮಾಡಿ ಆಡಿದ ಮಾತನ್ನು ಎರಡನೆಯ ಸಲ, ಇನ್ನೂ ಜೋರಾಗಿ, ಓಣಿಗೆಲ್ಲ ಕೇಳುವಂತೆ ಹೇಳಬೇಕಾಯಿತು. ಆಮೇಲೆ ಗಡಿಬಿಡಿಯಲ್ಲಿ ಫೋನು ತೆಗೆದು ನಂಬರು ಓದಿದೆ.

"ಅಕ್ಕೋರ, ಆ ನಂಬರ ತೊಗೊಳಾಕತ್ತಿಲ್ಲ."

ನಾನು ಓದಿದ್ದು ಗ್ಯಾಸ್ ಸಿಲಿಂಡರು ತರುವವನಿಗೆ ಹೇಳಬೇಕಾದ ನಂಬರು. ವೈನಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ಅಣ್ಣ ಮಾತ್ರ ನಗಲಿಲ್ಲ. ಬೈಕಿನಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ. ಗಾಡಿ ನಿಲ್ಲಿಸಿದ ಮೇಲೆ, "ನನಗ ಅಂಜಿದ್ದಿಯೇನ ನೀ?" ಎಂದ.

"ಹೂಂ."

"ಹುಚ್ಚಿ. ಮೊದಲ ಹೇಳಿದ್ರ..." ಎನ್ನುವಷ್ಟರಲ್ಲಿ ಬಸ್ಸು ಬಂತು. ಮೊದಲೇ ಹೇಳಿದ್ದರೆ ಏನು ಮಾಡುತ್ತಿದ್ದ? ತಾನೇ ಹೆಸರು ಹಚ್ಚಿಸುತ್ತಿದ್ದನೋ, ಬೈಯುತ್ತಿದ್ದನೋ? ಆ ಅರ್ಧ ವಾಕ್ಯವನ್ನು ನಾನು ನೂರು ರೀತಿಯಲ್ಲಿ ಪೂರ್ತಿ ಮಾಡಿದೆ, ಒಂದೂ ಚೆನ್ನಾಗಿರಲಿಲ್ಲ. ಹೆಸರು ಹಚ್ಚುವ ಮುಂಚೆ ಆಕ್ಷೇಪಣೆ ಕೇಳುವ ನೋಟಿಸಿನ ಅವಧಿ ಮುಗಿಯುವವರೆಗೆ ಫೋನು ಬಂದರೂ ಎದೆ ಹಾರುತ್ತಿತ್ತು, ಬಾರದಿದ್ದರೂ ಹಾರುತ್ತಿತ್ತು. ಯಾರೂ ಆಕ್ಷೇಪಣೆ ಹಾಕಲಿಲ್ಲ. ಪಂಚಮಿಗೆ ಅಣ್ಣ ತಾನೇ ಕರೆಯಲು ಬಂದ. ಹೊಸ ಉತಾರವೂ ಬಂತು. ಅವನ ಹೆಸರಿನ ಕೆಳಗೆ ನನ್ನದು. ತಪ್ಪು ಹುಡುಕಿ ಹುಡುಕಿ ಓದಿದೆ. ಏನೂ ಸಿಗಲಿಲ್ಲ. ಹಾಗಾದರೆ ಎಲ್ಲೋ ಏನೋ ಆಗುವುದು ಬಾಕಿ ಇದೆ ಎಂದುಕೊಂಡೆ.

ತೊಗರಿ ಹೂ ಬಿಟ್ಟ ಸಮಯ. ಶಾಲೆಯಲ್ಲಿ ಊಟದ ಬಿಡುವು ಮುಗಿಯುತ್ತಿದ್ದಾಗ ಅಣ್ಣನ ಫೋನು ಬಂತು.

"ಬಾಜೂ ಹೊಲದವರ ಎಮ್ಮಿ ಹಗ್ಗಾ ಹರಕೊಂಡ ಬಂದು ಒಡ್ಡಿನ ಕಡೀವು ನಾಕ ಸಾಲ ತೊಗರಿ ಮೇದೈತಿ."

"ಅಯ್ಯ! ಉಳದದ್ದು?"

"ಉಳದದ್ದು ಚಲೋ ಐತಿ. ಅದು ನಂದು. ಮೇದದ್ದು ನಿಂದು."

"ಹೊಲಾ ಇನ್ನೂ ಹಂಚಿಕೊಂಡೇ ಇಲ್ಲ, ಅದ್ಹೆಂಗ ನಂದು?"

"ಹೆಸರ ಹಚ್ಚರಿ ಅಂತ ಓಣಿಗೆಲ್ಲಾ ಕೇಳೂವಂಗ ಒದರಿದಾಕಿ ನೀನ ಅಲ್ಲೇನ? ರವಿವಾರ ಬಾ. ಎಮ್ಮಿ ಮಾಲಕನ ಜೋಡಿ ಜಗಳಾ ಆಡೂದು ಇನ್ನ ನಿನ್ನ ಪಾಲಿಗೆ."

ಹಿಂದೆ ವೈನಿ ನಗುವುದು ಕೇಳಿಸಿತು. ಗಂಟೆ ಬಾರಿಸಿದರು. ತರಗತಿಯ ಬಾಗಿಲಲ್ಲೇ ನಿಂತು ನಾನು ಕೇಳಿದೆ:

"ಆ ಎಮ್ಮಿನ ಈಗರ ಕಟ್ಟ್ಯಾರೇನ?"