ಕುಂಕುಮ ಹಚ್ಚಿದ ಆಟದ ಪೆಟ್ಟಿಗೆ

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಮೊದಲೇ ಹೇಳಿಬಿಡುವುದು ಒಳ್ಳೆಯದು. ಬದುಕಿನಲ್ಲೇ ಅತಿ ದೊಡ್ಡ ಸಿಟ್ಟು ಮತ್ತು ಅತಿ ದೊಡ್ಡ ಗೆಲುವು ನನಗೆ ಒಂದೇ ದಿನದ ಅಂತರದಲ್ಲಿ ಬಂದವು.

1997ರಲ್ಲಿ ನಾನು ಕುಂದಾಪುರದಲ್ಲಿ ಪಿಯುಸಿ ಓದುತ್ತಿದ್ದೆ. ಬಸ್ರೂರಿನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ವಿಡಿಯೊ ಗೇಮ್ ಅಂಗಡಿಗೆ ನುಗ್ಗುತ್ತಿದ್ದೆ. ಅಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಕಾಯಿನ್ ಹಾಕಿದರೆ ಪರದೆಯ ಕೆಳಗೆ ಸಣ್ಣ ವಿಮಾನವೊಂದು ಬಂದು ನಿಲ್ಲುತ್ತಿತ್ತು. ಮೇಲಿನಿಂದ ಶತ್ರುಗಳು ಸುರಿಯುತ್ತಿದ್ದರು. ಹೊಡೆಯುತ್ತಾ, ತಪ್ಪಿಸಿಕೊಳ್ಳುತ್ತಾ ಐದು ಹಂತ ದಾಟಬೇಕು. ಕೊನೆಗೆ ಪರದೆ ತುಂಬುವಷ್ಟು ದೊಡ್ಡ ಹಡಗು. ಅದನ್ನು ಕೆಡವಿದವರು ಆ ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ನಾನು ಆ ಹಡಗಿನವರೆಗೆ ಮುಟ್ಟಿದೆ. ಹಡಗು ಹೊಗೆಯಾಡತೊಡಗಿತ್ತು. ಇನ್ನು ನಾಲ್ಕೈದು ಏಟು ಸಾಕಿತ್ತು. ಕರೆಂಟ್ ಹೋಯಿತು.

"ಹೆಣ್ಮಕ್ಕಳ್ ಗೆಲ್ಲೂದ್ ಕರೆಂಟಿಗೂ ಕಾಂಬುಕೆ ಆತಿಲ್ಲೆ," ಅಂತ ಯಾರೋ ಹಿಂದಿನಿಂದ ಅಂದ. ಎಲ್ಲರೂ ನಕ್ಕರು. ಪರೀಕ್ಷೆ ಮುಗಿಸಿ ಬಂದು ನೋಡಿದರೆ ಅಂಗಡಿಯಲ್ಲಿ ಚಪ್ಪಲಿ ಮಾರುತ್ತಿದ್ದರು.

ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ, ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆದೆ, ಆ ನಗು ಮಾತ್ರ ಕಿವಿಯಲ್ಲೇ ಉಳಿಯಿತು. ಕಂಪ್ಯೂಟರ್ ಬಂದ ಮೇಲೆ ಗೊತ್ತಾಯಿತು, ಆ ಹಳೇ ವಿಮಾನದ ಆಟಗಳನ್ನೆಲ್ಲ ಚಂದದ ಪೆಟ್ಟಿಗೆಗಳಲ್ಲಿ ಮತ್ತೆ ಹೊರತರುತ್ತಿದ್ದಾರೆಂದು. ಲಿಮಿಟೆಡ್ ಎಡಿಷನ್. ಒಳಗೆ ಡಿಸ್ಕು, ಚಿತ್ರಗಳ ಪುಸ್ತಕ, ಬೆರಳುದ್ದದ ಲೋಹದ ವಿಮಾನ. ಮುಂಬಯಿಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದ ನನ್ನ ಮೈದುನ ಊರಿಗೆ ಬರುವಾಗಲೆಲ್ಲ ಒಂದೊಂದು ತಂದುಕೊಡುತ್ತಿದ್ದ. ಒಂಬತ್ತು ಪೆಟ್ಟಿಗೆಗಳಾದವು. ಕೊನೆಯದು ನನ್ನ ಆ ಕುಂದಾಪುರದ ಆಟವೇ.

ಒಂದನ್ನೂ ಒಡೆಯಲಿಲ್ಲ. ಪ್ಲಾಸ್ಟಿಕ್ ಸುತ್ತು ಹಾಗೇ ಇದ್ದರೆ ಮಾತ್ರ ಸಂಗ್ರಹಕ್ಕೆ ಮರ್ಯಾದೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. "ನಾಯಿಗ್ ತೆಂಗಿನ್‌ಕಾಯಿ ಸಿಕ್ದಂಗಾಯ್ತ್," ಅಂತ ನನ್ನ ಗಂಡ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಮರ್ಯಾದೆಯೂ ಅಲ್ಲ, ಮಣ್ಣೂ ಅಲ್ಲ. ಹೆದರಿಕೆ. ಈ ಸಲ ಸೋತರೆ ಕರೆಂಟನ್ನು ದೂರುವ ಹಾಗಿರಲಿಲ್ಲ.

ಒಂಬತ್ತನೇ ಪೆಟ್ಟಿಗೆ ಬಂದ ವರ್ಷದ ಆಯುಧಪೂಜೆಯ ದಿನ ಶಾಲೆಯ ಪೂಜೆ ಮುಗಿಸಿ ಮನೆಗೆ ಬಂದೆ. ಜಗಲಿಯಲ್ಲಿ ಕತ್ತಿ, ಹಾರೆ, ಗ್ರೈಂಡರ್, ಸ್ಕೂಟರಿನ ಕೀಲಿಕೈ. ಅವುಗಳ ಪಕ್ಕದಲ್ಲಿ ಸಾಲಾಗಿ ನನ್ನ ಒಂಬತ್ತು ಪೆಟ್ಟಿಗೆಗಳು, ಒಂದೊಂದರ ಮೇಲೂ ಗಂಧ, ಕುಂಕುಮ, ದಾಸವಾಳ. ಪ್ಲಾಸ್ಟಿಕ್ಕೆಲ್ಲ ಮೂಲೆಯಲ್ಲಿ ಗುಡ್ಡೆಯಾಗಿತ್ತು. ಅತ್ತೆಯ ಕೈಯಲ್ಲಿ ಅಡಿಕೆ ಕತ್ತರಿ.

ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು.

ಅತ್ತೆ ಅಲುಗಲಿಲ್ಲ. "ಎಂತ ಹೆಣೆ, ಪ್ಲಾಸ್ಟಿಕ್ಕಿಗೆ ಪೂಜೆ ಮಾಡೂದಾ? ಗಂಧ ಸಾಮಾನಿಗೆ ತಾಗ್ಕ್. ನಿಂದೂ ಒಂದ್ ಆಯುಧ ಅಲ್ದಾ ಅಂದ್ಕಂಡ್ ಇಟ್ಟೆ. ನಾಳೆ ವಿಜಯದಶಮಿ. ಪೂಜೆಗಿಟ್ಟದ್ದನ್ನ ನಾಳೆ ತೆಗ್ದ್ ಕೆಲ್ಸ ಸುರು ಮಾಡ್ಕ್. ಇಲ್ದಿರೆ ದೋಷ."

ರಾತ್ರಿ ಊಟ ಬಿಟ್ಟೆ. ಆದರೆ ಅತ್ತೆ ನನ್ನ ಹುಚ್ಚನ್ನು ಕತ್ತಿ, ಹಾರೆಯ ಸಾಲಿನಲ್ಲಿ ಕೂರಿಸಿದ್ದರಲ್ಲ, ಅದು ಹಾಸಿಗೆಯಲ್ಲಿ ಹೊರಳುವಾಗ ನೆನಪಾಗಿ ಸಿಟ್ಟು ಅರ್ಧ ಇಳಿಯಿತು.

ಮರುದಿನ ಬೆಳಿಗ್ಗೆಯಿಂದ ನನ್ನ ಗಂಡ ಟಿವಿಯ ಹಿಂದೆ ಕೂತು ವಯರು ಎಳೆಯುತ್ತಿದ್ದರು. "ಹ್ವಾಯ್, ಹಬ್ಬದ ದಿನ ನಿಮ್ಗೆ ಬೇರೆ ಕೆಲ್ಸ ಇಲ್ಯಾ?" ಅಂತ ಅವರಿಗೂ ಬೈದೆ. ಅವರು ಇನ್ನೊಂದು ವಯರು ಎಳೆದರು.

ಊಟವಾದ ಮೇಲೆ ಕುಂದಾಪುರದ ಆಟದ ಡಿಸ್ಕನ್ನು ಟಿವಿಗೆ ಜೋಡಿಸಿದ ಕಂಪ್ಯೂಟರಿಗೆ ಹಾಕಿ ಆಟಕ್ಕೆ ಕೂತೆ. ಅತ್ತೆ ಎಲೆ ಅಡಿಕೆ ಹಿಡಿದು ಪಕ್ಕದಲ್ಲಿ ಕೂತರು. ಮೊದಲ ಸಲ ಎರಡನೇ ಹಂತದಲ್ಲೇ ಸತ್ತೆ. ಎರಡನೇ ಸಲ ನಾಲ್ಕರಲ್ಲಿ. ಮೂರನೇ ಸಲ ಬೆರಳುಗಳಿಗೆ ಹಳೆಯದೆಲ್ಲ ನೆನಪಾಗತೊಡಗಿತು, ಗುಂಡು ಎಲ್ಲಿಂದ ಬರುತ್ತದೆಂದು ತಲೆಗಿಂತ ಮೊದಲು ಅವಕ್ಕೇ ಗೊತ್ತಾಗುತ್ತಿತ್ತು. ಐದನೇ ಹಂತ. ಹಡಗು ಬಂತು. ಏಟಿನ ಮೇಲೆ ಏಟು ಹಾಕಿದೆ. ಹೊಗೆ ಎದ್ದಿತು.

ಆಗಲೇ ಫ್ಯಾನು ನಿಂತಿತು. ಅಡುಗೆಮನೆಯ ದೀಪ ಆರಿತು. ಕರೆಂಟ್ ಹೋಗಿತ್ತು.

ಟಿವಿ ಮಾತ್ರ ಉರಿಯುತ್ತಲೇ ಇತ್ತು. ಇನ್ವರ್ಟರಿನಿಂದ ಫ್ಯಾನಿನ ಸಂಪರ್ಕ ತೆಗೆದು ನನ್ನ ಗಂಡ ಬೆಳಿಗ್ಗೆ ಟಿವಿಗೂ ಕಂಪ್ಯೂಟರಿಗೂ ಕೊಟ್ಟಿದ್ದರು. "ನನ್ನ್ ಕಾಣ್ಬೇಡ, ಹೊಡಿ!" ಅಂದರು.

ಹೊಡೆದೆ. ಹಡಗು ಮಧ್ಯದಲ್ಲಿ ಸೀಳಿ, ಪರದೆಯೆಲ್ಲ ಬೆಳ್ಳಗಾಗಿ, ನನ್ನ ಆ ಸಣ್ಣ ವಿಮಾನವೊಂದೇ ಮೋಡಗಳ ಮೇಲೆ ಹಾರತೊಡಗಿತು. ಹದಿನೈದು ವರ್ಷ ಮೇಲಾಗಿತ್ತು ಅದನ್ನು ನೋಡಬೇಕೆಂದುಕೊಂಡು. ನಾನು ಎದ್ದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಮತ್ತೆ ಬೇಲಿಗೆ ಬಂದರು.

ಅತ್ತೆ ಟಿವಿ ನೋಡಿದರು, ನನ್ನ ಒದ್ದೆ ಕೆನ್ನೆ ನೋಡಿದರು. "ಸತ್ತದ್ದ್ ಆ ಹಡಗ್ ಅಲ್ದಾ? ಮತ್ತೆ ನೀ ಎಂತಕ್ಕೆ ಮರ್ಕುದ್?"

"ಗೆದ್ದೆ ಅತ್ತೆ, ಗೆದ್ದೆ," ಅಂದೆ.

"ಹಂಗಾರೆ ಕಣ್ಣ್ ಒರ್ಸ್ಕೊ," ಅಂದು ಅವರು ಪೂಜೆಯ ಸಾಲಿನಿಂದ ಇನ್ನೊಂದು ಪೆಟ್ಟಿಗೆ ಎತ್ತಿ ನನ್ನ ಮಡಿಲಿಗಿಟ್ಟರು. "ಇನ್ನೂ ಎಂಟ್ ಇತ್ತ್."