ಕರ್ನಲ್ಲರು ಗುಲಾಬಿಗೆ ಮಾಡಿದ ಕ್ಷೌರ

ಕ್ಷೌರದಂಗಡಿಯ ಕರ್ನಲ್ ಯಾವ ಸೈನ್ಯದಲ್ಲೂ ಇದ್ದವರಲ್ಲ. ಸಿನಿಮಾ ನಟನ ಫೋಟೋ ತೋರಿಸಿ ಕುರ್ಚಿ ಹತ್ತಿದವನೂ ಕಾಲು ಗಂಟೆಯಲ್ಲಿ ಹೊಸದಾಗಿ ಭರ್ತಿಯಾದ ಸಿಪಾಯಿಯಂತೆ ಇಳಿದುಹೋಗುತ್ತಿದ್ದುದರಿಂದ ಗಿರಾಕಿಗಳೇ ಕೊಟ್ಟ ಪದವಿ ಅದು. ಮೂವತ್ತು ವರ್ಷಗಳಲ್ಲಿ ಅವರ ಕತ್ತರಿಗೆ ತಲೆಬಾಗದ ತಲೆಯೇ ಇರಲಿಲ್ಲ.

ಆದರೆ ಅಂಗಡಿಯ ಹಿಂಬಾಗಿಲು ದಾಟಿದರೆ ಕರ್ನಲ್ಲರ ಅಧಿಕಾರ ಮುಗಿಯಿತು. ಅಲ್ಲಿಂದಾಚೆ ಹೆಂಡತಿಯ ಸಾಮ್ರಾಜ್ಯ: ಹಿತ್ತಲು, ಅದರಲ್ಲಿ ಐದು ಗುಲಾಬಿ ಗಿಡ. ಬಾಳೆಸಿಪ್ಪೆ, ಚಹಾದ ಚರಟ, ಕೊಳೆಸಿದ ತರಕಾರಿ, ಬೇವಿನ ಹಿಂಡಿ, ಇಷ್ಟೇ ಅವುಗಳ ಊಟ. ಪೇಟೆಯ ಔಷಧಿಗೆ ಪ್ರವೇಶವಿಲ್ಲ. ಕರ್ನಲ್ಲರ ಕೆಲಸ ದಿನಾ ಸಂಜೆ ಅಂಗಡಿ ಗುಡಿಸಿದ ಕೂದಲನ್ನು ಬುಟ್ಟಿಯಲ್ಲಿ ತಂದೊಪ್ಪಿಸುವುದು. ಕೂದಲು ಒಳ್ಳೆಯ ಗೊಬ್ಬರವಂತೆ. ಹೆಂಡತಿ ಅದನ್ನೂ ಆರಿಸಿಯೇ ಹೂಳುತ್ತಿದ್ದರು.

"ಇದು ಬಣ್ಣ ಹಾಕಿದ ಕೂದಲು. ವಾಪಸ್ ತಗೊಂಡು ಹೋಗಿ."

"ಬ್ಯಾಂಕ್ ಮ್ಯಾನೇಜರದು ಕಣೇ."

"ಯಾರದಾದ್ರೂ ಆಗ್ಲಿ. ನನ್ನ ಗಿಡಕ್ಕೆ ಕೆಮಿಕಲ್ ಬೇಡ."

ಹೀಗೆ ಊರಲ್ಲಿ ಯಾರ ಕೂದಲು ನಿಜವಾಗಿ ಕಪ್ಪು ಎಂಬ ರಹಸ್ಯ ಆ ಹಿತ್ತಲಿಗೆ ಮಾತ್ರ ಗೊತ್ತಿತ್ತು.

ಮಗಳ ಹೆರಿಗೆಗೆಂದು ಹೆಂಡತಿ ಎರಡು ತಿಂಗಳು ಹೊರಡುವ ದಿನ ಬಂತು. ಹನ್ನೊಂದು ವರ್ಷದಿಂದ ಒಂದೇ ಒಂದು ಗಿಡ ತನಗೂ ಕೊಡು ಎಂದು ಗೋಗರೆಯುತ್ತಿದ್ದ ಗಂಡನನ್ನು ಅವರು ಮೇಲಿಂದ ಕೆಳಗೆ ನೋಡಿದರು.

"ನೀರು, ಗೊಬ್ಬರ, ಅಷ್ಟೇ. ಕತ್ತರಿ ಹಿಡ್ಕೊಂಡು ಈ ಕಡೆ ಬರಬಾರದು. ನಾನು ಬಂದಾಗ ಐದೂ ಚೆನ್ನಾಗಿದ್ರೆ, ಒಂದು ನಿಮ್ಮದು."

ಕರ್ನಲ್ಲರ ಎದೆ ಎರಡಿಂಚು ಉಬ್ಬಿತು.

ಮೂರನೇ ವಾರಕ್ಕೆ ಶತ್ರು ಬಂದ. ನಡುವಿನ ಕೆಂಪು ಗುಲಾಬಿಯ ಎಳೆ ಚಿಗುರಿನ ಮೇಲೆಲ್ಲ ಹಸಿರು ಚುಕ್ಕೆಗಳು, ಅವುಗಳಲ್ಲಿ ಕೆಲವು ನಡೆದಾಡುತ್ತಿದ್ದವು. ತೋಟಗಾರಿಕೆ ಬಲ್ಲ ಮೇಷ್ಟ್ರು ಕ್ಷೌರಕ್ಕೆ ಬಂದವರು ಹಿತ್ತಲಿಗೆ ಬಂದು ನೋಡಿದರು.

"ಗಿಡದ ಹೇನು ಕಣಯ್ಯಾ. ಸೋಪಿನ ನೀರು ಹೊಡಿ, ತೊಳಿ. ಸಾಕು."

ಸೋಪು! ಕರ್ನಲ್ಲರಿಗೆ ಸೋಪಿನ ವಿಚಾರ ಹೇಳಿಕೊಡಬೇಕೆ? ಮರುದಿನ ಬೆಳಿಗ್ಗೆ ಗಡ್ಡದ ಬಟ್ಟಲು, ಬ್ರಷ್ಷು, ಬಿಸಿನೀರಿನೊಂದಿಗೆ ರಣರಂಗಕ್ಕೆ ಇಳಿದರು. ಒಂದೊಂದು ಎಲೆಯನ್ನೂ ಗಲ್ಲ ಹಿಡಿದಂತೆ ಎತ್ತಿ, ಅಡಿಭಾಗಕ್ಕೆ ನೊರೆ ಹಚ್ಚಿದರು. ಹೇನುಗಳು ನೊರೆಯಲ್ಲಿ ಮುಳುಗಿ ಹೆಣವಾದವು. ತಣ್ಣೀರಲ್ಲಿ ತೊಳೆದರು. ಎಲೆ ಮಿರಮಿರ ಮಿಂಚಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ನಿಜವಾದ ಕರ್ನಲ್ಲೇ ಆಗುತ್ತಿದ್ದರು.

ಆದರೆ ಮೂವತ್ತು ವರ್ಷದ ಕೈ ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ನೊರೆ ತೊಳೆದ ಮೇಲೆ ಏನು? ಲೋಷನ್. ಕೈ ತಾನಾಗಿ ಒಳಗೆ ಹೋಗಿ ನೀಲಿ ಬಾಟಲಿ ತಂದು, ಗಿಡದ ಮೈತುಂಬ ಫುಸ್ ಫುಸ್ ಎಂದು ಹೊಡೆದೇಬಿಟ್ಟಿತು. ಹಿತ್ತಲೆಲ್ಲ ಘಮಘಮ. ಸಂಜೆಯೊಳಗೆ ಬಿಸಿಲಿಗೆ ಗಿಡ ಸುಟ್ಟ ಹಪ್ಪಳದಂತಾಗಿತ್ತು.

"ಲೋಷನ್ ಹಾಕಿದ್ಯಾ?" ಮೇಷ್ಟ್ರು ನಗು ತಡೆಯಲು ಟವೆಲನ್ನು ಬಾಯಿಗೆ ಒತ್ತಿಕೊಂಡರು. "ಪುಣ್ಯಕ್ಕೆ ಪೌಡರ್ ಹಾಕಿ ಕ್ರಾಪು ತೆಗೀಲಿಲ್ವಲ್ಲ."

"ನಗಬೇಡಿ ಮೇಷ್ಟ್ರೇ. ಅವಳು ಬಂದ್ರೆ ನನ್ನ ಗತಿ?"

"ಸುಟ್ಟ ಕೊಂಬೆ ಹಾಗೇ ಬಿಟ್ರೆ ಒಣಗೋದು ಬುಡಕ್ಕಿಳಿಯುತ್ತೆ. ಹಸಿರು ಸಿಗೋ ತನಕ ಕತ್ತರಿಸು. ಬೇರೆ ದಾರಿ ಇಲ್ಲ."

ಕತ್ತರಿ. ಹೆಂಡತಿ ಬೇಡವೆಂದಿದ್ದು ಅದೊಂದೇ. ಕತ್ತರಿಸಿದರೆ ಮಾತು ಹೋಯಿತು, ಬಿಟ್ಟರೆ ಗಿಡವೇ ಹೋಯಿತು. ಕರ್ನಲ್ ಆ ದಿನ ಮೂವರು ಗಿರಾಕಿಗಳಿಗೆ ಅವರು ಕೇಳಿದ ಹಾಗೆಯೇ ಕ್ರಾಪು ಮಾಡಿದರೆಂದರೆ ಅವರ ಮನಸ್ಸಿನ ಸ್ಥಿತಿ ತಿಳಿಯಿತಲ್ಲ. ಕೊನೆಗೆ ಕತ್ತರಿಯನ್ನು ಕುದಿಯುವ ನೀರಿಗೆ ಅದ್ದಿ ಹೊರಗೆ ನಡೆದರು. ಹೊರಮುಖದ ಗಣ್ಣು ಹುಡುಕಿ, ಅದರ ಮೇಲೆ ಓರೆಯಾಗಿ, ಒಂದೇ ಏಟಿಗೆ. ಎದೆಯೆತ್ತರದ ಗಿಡ ಮೊಣಕಾಲಿಗಿಳಿಯಿತು. ಬುಡಕ್ಕೆ ಗೊಬ್ಬರ, ಮೇಲೆ ಒಣಹುಲ್ಲು, ಅದರ ಕೆಳಗೆ ಮೇಷ್ಟ್ರ ಅಪ್ಪಟ ಬಿಳಿ ಕೂದಲು.

"ಐದೂ ಹೇಗಿವೆ?" ಫೋನಿನಲ್ಲಿ ಹೆಂಡತಿ.

"ಐದೂ ಇವೆ," ಅಂದರು ಕರ್ನಲ್. ಸುಳ್ಳಲ್ಲ, ಎಣಿಸಿಯೇ ಹೇಳಿದ್ದು.

ದಿನಾ ಬೆಳಿಗ್ಗೆ ಬೋಳು ಕಡ್ಡಿಯ ಮುಂದೆ ಕುಕ್ಕರುಗಾಲಲ್ಲಿ ಕೂರುವುದೇ ಕೆಲಸವಾಯಿತು. ಹದಿನಾಲ್ಕನೇ ದಿನ ಅಂಚೆಯವರಿಗೆ ಅರ್ಧ ಗಡ್ಡ ಹೆರೆದು, ನೀರು ತರಲು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಗಣ್ಣಿನಲ್ಲಿ ಭತ್ತದ ಕಾಳಿನಷ್ಟು ಕೆಂಪು ಚಿಗುರು. ಒಂದಲ್ಲ, ಏಳು!

"ಬನ್ರೀ, ಬನ್ನಿ, ಬೇಗ!"

ಅರ್ಧ ಮುಖಕ್ಕೆ ನೊರೆ ಹೊತ್ತ ಅಂಚೆಯವರು ಹಿತ್ತಲಿಗೆ ಓಡಿದರು, ಏನೋ ಅನಾಹುತವೆಂದು ಹಿಂದೆಯೇ ಸರದಿಗೆ ಕಾಯುತ್ತಿದ್ದ ಮೇಷ್ಟ್ರು. ಮೂವರು ದೊಡ್ಡ ಗಂಡಸರು ಒಂದು ಮೋಟುಕಡ್ಡಿಯ ಮುಂದೆ ಮೊಣಕಾಲೂರಿ, ಉಸಿರು ಬಿಗಿಹಿಡಿದು ನೋಡಿದರು. ನೊರೆ ಒಣಗಿ ಅಂಚೆಯವರ ಮುಖ ಬಿಗಿಯಿತು. ಅವರು ದೂರಲಿಲ್ಲ.

ಹೆಂಡತಿ ಬಂದ ದಿನ ಚೀಲವನ್ನೂ ಇಳಿಸದೆ ನೇರ ಹಿತ್ತಲಿಗೆ ನಡೆದರು. ನಾಲ್ಕು ಗಿಡ ಹೂ ಹೊತ್ತು ನಿಂತಿದ್ದವು. ನಡುವಿನದು ಮೊಣಕಾಲೆತ್ತರ, ತುದಿಯಲ್ಲಿ ಮೂರು ಮೊಗ್ಗು.

"ಇದೇನ್ರೀ ಇದು?"

ಕರ್ನಲ್ ಹೇನು, ನೊರೆ, ಲೋಷನ್, ಕತ್ತರಿ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ ಕಣ್ಣು ಮುಚ್ಚಿದರು. ಹೆಂಡತಿ ಬಗ್ಗಿ ಕತ್ತರಿಸಿದ ಪ್ರತಿ ತುದಿಯ ಮೇಲೂ ಬೆರಳಾಡಿಸಿದರು. ಒಂದೂ ಜಜ್ಜಿಹೋಗಿರಲಿಲ್ಲ, ಒಂದೂ ಕೊಳೆತಿರಲಿಲ್ಲ.

"ಒಂದು ಗಿಡ ಕೇಳಿದ್ರಲ್ಲ," ಅಂದರು ಕೊನೆಗೆ. "ಇದನ್ನೇ ಇಟ್ಕೊಳ್ಳಿ. ಹೇಗೂ ನಿಮ್ಮ ಗಿರಾಕಿ ಥರಾನೇ ಕಾಣ್ತಿದೆ."

ಕರ್ನಲ್ ಕಣ್ಣು ಬಿಟ್ಟಾಗ ಹೆಂಡತಿ ಅಂಗಡಿಯೊಳಗಿದ್ದರು. ನೀಲಿ ಬಾಟಲಿ ಅಂದೇ ಅಡುಗೆಮನೆಯ ಅಟ್ಟ ಸೇರಿತು. ಈಗ ಆ ಅಂಗಡಿಯಲ್ಲಿ ಯಾರಿಗೂ ಲೋಷನ್ ಇಲ್ಲ. ಲೋಷನ್ ಇಲ್ಲದೆ ಕೆನ್ನೆ ಉರಿಯುತ್ತದೆ ಎಂದು ಗೊಣಗುವವರನ್ನು ಕರ್ನಲ್ ಕೈಹಿಡಿದು ಹಿತ್ತಲಿಗೆ ಕರೆದೊಯ್ದು ತಮ್ಮ ಗಿಡ ತೋರಿಸುತ್ತಾರೆ.