ನೋಯದ ಹಲ್ಲಿಗೆ ಶಿಗ್ಗಾಂವದ ತನಕ

ಚಿಕ್ಕೇರೂರಿನಿಂದ ಹಾನಗಲ್ಲಿಗೆ ಬೆಳಗಿನ ಬಸ್ಸು ಸಿಕ್ಕಿತು. ಹೆಂಗಸರಿಗೆ ಟಿಕೀಟಿನ ರೊಕ್ಕವಿಲ್ಲ, ಆಧಾರ್ ಕಾರ್ಡು ತೋರಿಸಿ ಕುಂತೆವು. ಜೊತೆಗೆ ನನ್ನ ಮಗಳು ಶಾಂತವ್ವ. ಅವಳಿಗಿನ್ನೂ ನಲವತ್ತು ತುಂಬಿಲ್ಲ. ಕೆಳಗಿನ ಮುಂದಿನ ನಾಲ್ಕು ಹಲ್ಲು ಅಲುಗಾಡುತ್ತಿದ್ದವು. ಅವನ್ನು ಉಳಿಸಿಕೊಳ್ಳಬೇಕೆಂದು ಶಿಗ್ಗಾಂವದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೊರಟಿದ್ದೆವು. ನನಗೆ ಈ ಓಡಾಟ ದಂಡವೆನಿಸಿತ್ತು. ನೋಯದ ಹಲ್ಲಿಗೆ ಡಾಕ್ಟರು ಯಾಕೆ?

ಹಾನಗಲ್ಲಿನಲ್ಲಿ ಬಸ್ಸು ಬದಲಿಸುವ ಮೊದಲು ಮಂಡಕ್ಕಿ, ಮಿರ್ಚಿ ತಿಂದೆವು. ಶಾಂತವ್ವ ಮಿರ್ಚಿಯನ್ನು ದವಡೆಗೆ ಸರಿಸಿ ಸರಿಸಿ ಅಗಿದಳು. ಬಂಕಾಪುರ ದಾಟುವಷ್ಟರಲ್ಲಿ ಬಿಸಿಲು ಏರಿತ್ತು.

ಶಿಗ್ಗಾಂವದ ದವಾಖಾನೆಯ ಬೆಂಚು ತುಂಬಿತ್ತು. ಪಕ್ಕದಲ್ಲಿ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಾದರಸಾಬ ಕುಳಿತಿದ್ದ.

"ಯಾರಿಗ್ರಿ ಅವ್ವಾರ, ನಿಮಗೋ ಮಗಳಿಗೋ?"

"ನನ್ನ ಬಾಯಾಗ ತೋರ್ಸಾಕ ಏನೈತಿ? ಈಕಿಗಿ. ಹಲ್ಲು ತಿಕ್ಕಿದ್ರ ರಕ್ತ ಬರ್ತೈತಿ. ಉಷ್ಣ. ಮಜ್ಜಿಗಿ ಕುಡಿಸಿ ಸಾಕಾತು."

"ನಂದೂ ಉಷ್ಣಾನ ನೋಡ್ರಿ. ರಕ್ತ ಬರೂ ಕಡೆ ತಿಕ್ಕೂದ ಬಿಟ್ಟೇನಿ."

ಆಚೆ ಕುಳಿತಿದ್ದ ಕನ್ನಡ ಸಾಲೆಯ ಮಾಸ್ತರರು ತಮಗೂ ಹಾಗೇ ಎಂದರು.

"ಸಾಲಿ ಕಲಿಸಿದ್ರೂ ಉಷ್ಣ ಬಿಡಂಗಿಲ್ಲೇನ್ರಿ ಮಾಸ್ತರ್ರ?" ಎಂದ ಖಾದರಸಾಬ. ಎಲ್ಲರೂ ನಕ್ಕೆವು.

ಒಳಗೆ ಡಾಕ್ಟರಮ್ಮ ತೆಳ್ಳನೆಯ ಉಕ್ಕಿನ ಕಡ್ಡಿಯೊಂದನ್ನು ಶಾಂತವ್ವನ ಹಲ್ಲಿಗೂ ವಸಡಿಗೂ ನಡುವೆ ಇಳಿಸಿದಳು. ಅದು ಇಳಿಯುತ್ತಲೇ ಹೋಯಿತು. ಶಾಂತವ್ವ ಕಣ್ಣು ಸಹ ಮಿಟುಕಿಸಲಿಲ್ಲ.

"ನೋಯಾಕತ್ತೈತೇನವಾ?" ಡಾಕ್ಟರಮ್ಮ ಕೇಳಿದಳು.

"ಇಲ್ರಿ." ಉಷ್ಣ ಆಗಿರಬೇಕೆಂದು ನಾನು ಹೇಳಿದೆ.

"ಇದು ಉಷ್ಣ ಅಲ್ಲ ಅಜ್ಜಿ, ವಸಡಿನ ರೋಗ. ಹಲ್ಲು ಹಿಡಕೊಂಡಿರೂ ಎಲುಬು ಒಳಗ ಕರಗೇತಿ. ನೋವಿಲ್ಲಂತ ಎಲ್ಲಾರೂ ಸುಮ್ಮನ ಇರ್ತಾರ."

"ಎಲ್ಲಾರೂ ಅಂದ್ರ?"

"ಇಲ್ಲಿ ಬರೂ ದೊಡ್ಡವ್ರೊಳಗ ಭಾಳ ಮಂದಿಗೆ ಇದ ಐತಿ. ಬ್ಯಾರೆ ಏನೋ ಅಂತ ಬರ್ತಾರ, ವಸಡ ನೋಡಿದ್ರ ಇದು."

ಬೆಂಚಿನಲ್ಲಿ ನಕ್ಕವರ ಬಾಯಿಗಳೆಲ್ಲ ಕಣ್ಣ ಮುಂದೆ ಬಂದವು.

ನಾಲ್ಕರಲ್ಲಿ ಒಂದು ಹಲ್ಲು ನಿಲ್ಲುವುದಿಲ್ಲ, ಕೀಳಬೇಕು ಎಂದಳು ಡಾಕ್ಟರಮ್ಮ. ಉಳಿದ ಮೂರು, ವಸಡಿನ ಒಳಗೆ ಹಲ್ಲಿಗೆ ಅಂಟಿದ ಗಟ್ಟಿ ಕಿಟ್ಟ ತೆಗೆಸಿ, ರಕ್ತ ಬಂದರೂ ಬಿಡದೆ ಎರಡು ಹೊತ್ತು ಮೆತ್ತಗೆ ತಿಕ್ಕಿದರೆ ಉಳಿಯಬಹುದು. ಖಾತ್ರಿ ಮಾತ್ರ ಕೊಡಲಿಲ್ಲ. ಅಂದು ಒಂದು ಕಡೆ ಸ್ವಚ್ಛ ಮಾಡಿ, ಉಳಿದದ್ದಕ್ಕೆ ಸೋಮವಾರ ಬರಹೇಳಿದಳು. ಬಟ್ಟಲಿಗೆ ಬಿದ್ದ ಕಿಟ್ಟ ಜೋಳದ ನುಚ್ಚಿನಂತಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಶಾಂತವ್ವ ಕೇಳಿದಳು.

"ಅವ್ವಾ, ನಿನ್ನ ಹಲ್ಲು ಯಾವಾಗ ಬಿದ್ವು?"

"ನಿನ್ನ ಲಗ್ನದ ಹೊತ್ತಿಗೆ ಎಲ್ಲಾ ಹೋಗಿದ್ವು."

"ನೋವಾಗಿತ್ತೇನ?"

"ಇಲ್ಲ."

ನಮ್ಮ ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಎಲ್ಲರವೂ ನೋಯದೆಯೇ ಉದುರಿದ್ದವು. ವಯಸ್ಸಾಯಿತು ಅಂದುಕೊಂಡು ಬಾಯಿ ತೊಳೆದುಕೊಂಡಿದ್ದೆವು, ಅಷ್ಟೇ.

ಹಾನಗಲ್ಲಿನಲ್ಲಿ ಇಳಿದಾಗ ಶಾಂತವ್ವ ಬಾಯಿಗೆ ಸೆರಗು ಹಿಡಿದೇ ಮಾತಾಡಿದಳು.

"ಸೋಮವಾರ ಮತ್ತ ಹೋಗೂಣು. ಅಣ್ಣನ್ನೂ ಕರಕೊಂಡು ಹೋಗೂಣು. ಅವಂಗೂ ರಕ್ತ ಬರ್ತೈತಿ. ಅಂವ ನಿನಗ ಹೇಳಿಲ್ಲ."

"ಎಷ್ಟ ದಿನದಿಂದ?"

ಅವಳು ಬೆರಳು ಮಡಚಿ ವರ್ಷ ಎಣಿಸತೊಡಗಿ, ಲೆಕ್ಕ ಸಿಗದೆ ಬಿಟ್ಟಳು.